ಹನ್ನೆರಡು ನಿಮಿಷ

ರುಯಿಷ್ಟೆಯ ಅಲ್ಯೂಮಿನಿಯಂ ಕಾರ್ಖಾನೆಗೆ ಯಾರಾದರೂ ಕೈಗಡಿಯಾರ ಕಟ್ಟಿಕೊಂಡು ಬಂದರೆ ಅವರು ಹೊಸಬರೇ ಇರಬೇಕು. ಕುಲುಮೆಗಳ ಉದ್ದನೆಯ ಶೆಡ್ಡಿನಲ್ಲಿ ಹರಿಯುತ್ತಿದ್ದ ವಿದ್ಯುತ್ತು ಅಷ್ಟಿಷ್ಟಲ್ಲ. ಅದು ಎಬ್ಬಿಸುವ ಕಾಂತಶಕ್ತಿಗೆ ಜೇಬಿನೊಳಗಿನ ಬೀಗದ ಕೈ ತಾನೇ ಹೊರಳುತ್ತಿತ್ತು, ಬೆಲ್ಟಿನ ಬಕಲು ಪಕ್ಕಕ್ಕೆ ಎಳೆಯುತ್ತಿತ್ತು. ಹಿಡಿ ಮೊಳೆ ನೆಲಕ್ಕೆ ಸುರಿದರೆ ಅವು ತಲೆಯೆತ್ತಿ ನಿಲ್ಲುತ್ತಿದ್ದವು. ಇನ್ನು ಕೈಗಡಿಯಾರವೋ, ಒಂದು ಪಾಳಿ ಮುಗಿಯುವುದರೊಳಗೆ ನಿಂತೇಹೋಗುತ್ತಿತ್ತು, ಇಲ್ಲವೇ ಹುಚ್ಚು ಹಿಡಿದ ಹಾಗೆ ಓಡುತ್ತಿತ್ತು. ಹೀಗಾಗಿ ಹೊತ್ತು ನೋಡಬೇಕಾದವರು ಶೆಡ್ಡು ದಾಟಿ, ಅಂಗಳದಾಚೆ ಆಫೀಸಿನ ಗೋಡೆಯ ಗಡಿಯಾರದವರೆಗೆ ನಡೆಯಬೇಕಿತ್ತು. ಹತ್ತೂವರೆಗೆ ಮಾತ್ರ ಯಾರೂ ನಡೆಯಬೇಕಾಗಿರಲಿಲ್ಲ. ಕ್ಯಾಂಟೀನಿನ ಅಡುಗೆಯವಳು ಜೂರ್ಜಾ ಹಿತ್ತಲಲ್ಲಿ ನೇತುಹಾಕಿದ್ದ ಹಳಿಯ ತುಂಡಿಗೆ ಸರಳಿನಿಂದ ನಾಲ್ಕು ಏಟು ಹಾಕುತ್ತಿದ್ದಳು. ಹುರುಳಿಯ ಸಾರು, ಬ್ರೆಡ್ಡು ತಯಾರೆಂದು ಅರ್ಥ.

ಇದೆಲ್ಲ ಯಾಗೋಶನಿಗೆ ಗೊತ್ತಿಲ್ಲದ್ದಲ್ಲ. ಹತ್ತೊಂಬತ್ತು ವರ್ಷದಿಂದ ಅಲ್ಲಿದ್ದ. ಶೆಡ್ಡಿನ ತುದಿಯ ಸ್ವಿಚ್ಚು ಕೋಣೆ ಅವನ ಜವಾಬ್ದಾರಿ. ಕ್ರೇನುಗಳಿಗೆ ವಿದ್ಯುತ್ತು ಕೊಡುವುದೂ ತೆಗೆಯುವುದೂ ಅವನ ಕೈಯಲ್ಲಿತ್ತು. ಕೆಲಸದಲ್ಲಿ ಅಚ್ಚುಕಟ್ಟು, ಮಾತು ಕಡಿಮೆ, ಕುಡಿತ ಹಬ್ಬದ ದಿನ ಮಾತ್ರ. ಅಂಥವನು ಸಾವಿರದ ಒಂಬೈನೂರ ಎಂಬತ್ತನಾಲ್ಕರ ಶರತ್ಕಾಲದ ಒಂದು ಸೋಮವಾರ ಎಡಗೈಗೆ ಗಡಿಯಾರ ಕಟ್ಟಿಕೊಂಡು ಬಂದ.

ಗಡಿಯಾರ ಅವನ ಅಪ್ಪನದು. ಅಪ್ಪ ಚಿಕ್ಕ ಹಳಿಯ ರೈಲಿನಲ್ಲಿ ಗಾರ್ಡ್ ಆಗಿದ್ದವನು. ಓಣಿಯ ಹೆಂಗಸರು ಗಡಿಯಾರದ ಬದಲು ಅವನು ಮನೆ ಬಿಡುವುದನ್ನು ನೋಡಿ ಒಲೆಯಿಂದ ಬ್ರೆಡ್ಡು ತೆಗೆಯುತ್ತಿದ್ದರು. ಸಾಯುವ ವಾರದಲ್ಲಿ ಮಗನನ್ನು ಹತ್ತಿರ ಕರೆದು, ಒಣಗಿದ ಮಣಿಕಟ್ಟಿನಿಂದ ಅದನ್ನು ತಾನೇ ಬಿಚ್ಚಿ ಕೊಟ್ಟಿದ್ದ. "ಇದನ್ನ ಡಬ್ಬೀಲಿ ಹಾಕಿಟ್ಟು ಕೊಳೆಸ್ಬೇಡ. ಕಟ್ಕೋ. ದಿನಾ ಕೀ ಕೊಡು" ಎಂದಿದ್ದ. ಆ ಸೋಮವಾರಕ್ಕೆ ಮುದುಕ ಸತ್ತು ನಲವತ್ತು ದಿನ ತುಂಬಿ ಸೂತಕ ಕಳೆದಿತ್ತು. ಹಿಂದಿನ ದಿನವೇ ಸಮಾಧಿಯ ಮೇಲೆ ಮೇಣದ ಬತ್ತಿ ಹಚ್ಚಿ, ರಾಕಿಯಾ ಎಂಬ ಹಣ್ಣಿನ ಸಾರಾಯಿ ಚೆಲ್ಲಿ ಬಂದಿದ್ದರು.

ಅವನ ಮಣಿಕಟ್ಟನ್ನು ಮೊದಲು ನೋಡಿದವನು ಮಿತಾರ್. ಮಿತಾರ್ ಕ್ರೇನಿನ ಎಲೆಕ್ಟ್ರಿಷಿಯನ್. ಅವನ ಮದುವೆಯಲ್ಲಿ ಯಾಗೋಶ್ ಪಕ್ಕದಲ್ಲಿ ನಿಂತು ಸಾಕ್ಷಿಯಾಗಿದ್ದ. ಆ ನಾಡಿನಲ್ಲಿ ಹಾಗೆ ನಿಂತವನನ್ನು ಕೂಮ ಎನ್ನುತ್ತಾರೆ. ಆ ನಂಟು ರಕ್ತಸಂಬಂಧಕ್ಕಿಂತ ಒಂದು ಕೈ ಮೇಲು.

"ಕೂಮಾ, ನಿಮ್ಮಪ್ಪನ್ನ ಎರಡನೇ ಸಲ ಸಾಯಿಸ್ಬೇಡ್ವೋ. ಕುಲುಮೆ ಗಡಿಯಾರ ತಿನ್ನುತ್ತೆ. ಮನೇಲಿಡು" ಎಂದ ಮಿತಾರ್.

"ನನ್ನ ಕೋಣೆ ಕುಲುಮೆಗೆ ಮೂವತ್ತು ಹೆಜ್ಜೆ ದೂರ ಇದೆ. ನಡುವೆ ಗೋಡೆ ಬೇರೆ."

"ಗೋಡೆ ನೋಡಿ ಅದು ನಾಚ್ಕೊಂಡು ವಾಪಸ್ ಹೋಗುತ್ತಾ?"

ಯಾಗೋಶ್ ನಕ್ಕು ತನ್ನ ಕೋಣೆಗೆ ನಡೆದ. ಸಂಜೆ ರೇಡಿಯೋದಲ್ಲಿ ವಾರ್ತೆ ಬರುವಾಗ ನೋಡಿದರೆ ಗಡಿಯಾರ ಅರ್ಧ ಗಂಟೆಗಿಂತ ಹೆಚ್ಚು ಮುಂದಿತ್ತು. ಹೆಂಡತಿ ಕೊವಿಲ್ಕ, "ಕಾರ್ಖಾನೆಗೆ ಬೇಡ, ಭಾನುವಾರ ಕಟ್ಕೋ ಸಾಕು" ಎಂದಳು. ಕೀ ಬಿಗಿಯಾಗಿ ಕೊಟ್ಟದ್ದರಿಂದ ಹೀಗಾಗಿದೆ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಮಾರನೆಯ ಬೆಳಿಗ್ಗೆ ಐದೂವರೆಯ ವಾರ್ತೆಗೆ ಮುಳ್ಳು ಸರಿಮಾಡಿ ಮತ್ತೆ ಕಟ್ಟಿಕೊಂಡು ಹೋದ.

ಆ ಮಂಗಳವಾರ ಎರಡನೆಯ ಕ್ರೇನು ನಡುದಾರಿಯಲ್ಲಿ ನಿಂತಿತು. ಮೇಲೆ, ಛಾವಣಿಯ ಕೆಳಗೆ, ಕ್ರೇನಿಗೆ ವಿದ್ಯುತ್ತು ಒಯ್ಯುವ ಬರಿಮೈ ತಾಮ್ರದ ಪಟ್ಟಿಗಳಿದ್ದವು. ಅಲ್ಲೇ ಏನೋ ಸಡಿಲವಾಗಿತ್ತು. ಮಿತಾರ್ ಸ್ವಿಚ್ಚು ಕೋಣೆಗೆ ಬಂದು ಚೀಟಿ ಬರೆಸಿದ. ಹತ್ತರಿಂದ ಹತ್ತೂವರೆಯವರೆಗೆ ವಿದ್ಯುತ್ತು ಬಂದ್. ಕೆಲಸ ಮುಗಿಸಿದವನು ಇಳಿದು ಬಂದು ಅದೇ ಚೀಟಿಗೆ ಸಹಿ ಹಾಕಿದ ಮೇಲೆಯೇ ಸ್ವಿಚ್ಚು ಮುಟ್ಟಬೇಕು ಅನ್ನುವುದು ನಿಯಮ. ಆದರೆ ಉತ್ಪಾದನೆ ನಿಂತರೆ ಮೇಸ್ತ್ರಿ ಒಬ್ರಾದ್ ಕುತ್ತಿಗೆಯ ನರ ಉಬ್ಬಿಸಿಕೊಂಡು ಕೂಗಾಡುತ್ತಿದ್ದ. ಹಾಗಾಗಿ ಚೀಟಿಯ ಹೊತ್ತು ಮುಗಿದ ತಕ್ಷಣ ವಿದ್ಯುತ್ತು ಕೊಡುವುದು, ಸಹಿಯನ್ನು ಊಟದ ಹೊತ್ತಿಗೆ ಹಾಕಿಸಿಕೊಳ್ಳುವುದು ವರ್ಷಗಳಿಂದ ನಡೆದುಬಂದಿತ್ತು. ಮೇಲೆ ಹತ್ತಿದವರು ಅದನ್ನು ತಿಳಿದೇ, ಛಾವಣಿಯಡಿಯ ಕಿಟಕಿಯಿಂದ ಅಂಗಳದಾಚೆಯ ಗಡಿಯಾರ ನೋಡಿಕೊಂಡು, ಐದು ನಿಮಿಷ ಮೊದಲು ಇಳಿಯುತ್ತಿದ್ದರು.

"ಎಷ್ಟು ಹೊತ್ತು ಕೊಡ್ತೀಯ ಕೂಮಾ?"

"ಚೀಟೀಲಿ ಬರೆದಷ್ಟು. ಒಂದು ನಿಮಿಷ ಈಚೆಗಿಲ್ಲ, ಒಂದು ನಿಮಿಷ ಆಚೆಗಿಲ್ಲ."

"ಗಾರ್ಡ್ ಸಾಹೇಬ್ರು ಬಂದ್ರಪ್ಪಾ, ಹಸಿರು ಬಾವುಟ ತೋರ್ಸಿ!" ಎಂದು ಮಿತಾರ್ ಸೆಲ್ಯೂಟ್ ಹೊಡೆದು ಏಣಿಯ ಕಡೆ ನಡೆದ.

ಬೇರೆ ದಿನವಾಗಿದ್ದರೆ ಯಾಗೋಶ್ ಅಂಗಳ ದಾಟಿ ಗೋಡೆಯ ಗಡಿಯಾರ ನೋಡಿ ಬರುತ್ತಿದ್ದ. ಅವತ್ತು ಮಣಿಕಟ್ಟು ನೋಡಿಕೊಂಡ. ಮುಳ್ಳು ಹತ್ತೂವರೆಯ ಮೇಲೆ ಬರುವವರೆಗೆ ಕಾದ. ಸ್ವಿಚ್ಚಿನ ಹಿಡಿಯನ್ನು ಮೇಲಕ್ಕೆತ್ತಿ ವಿದ್ಯುತ್ತು ಕೊಟ್ಟ.

ಶೆಡ್ಡಿನಿಂದ ಒಂದು ಕೂಗು ಕೇಳಿತು. ಅವನು ಹಿಡಿಯನ್ನು ಇಳಿಸಿ ಓಡಿದ. ಕ್ರೇನಿನ ಕೆಳಗೆ ಆಗಲೇ ಜನ ಸೇರಿದ್ದರು. ಮಿತಾರನನ್ನು ಕೆಳಗಿಳಿಸಲು ಹೊತ್ತು ಹಿಡಿಯಿತು. ಇಳಿಸಿ, ಕೋಟು ಹಾಸಿ ಮಲಗಿಸಿದರು. ಕೊನೆಗೆ ಕಾರ್ಖಾನೆಯ ನರ್ಸು ಎದೆ ಒತ್ತುವುದನ್ನು ನಿಲ್ಲಿಸಿ ಎದ್ದು ನಿಂತಳು. ಆ ಸ್ತಬ್ಧತೆಯಲ್ಲಿ ಕ್ಯಾಂಟೀನಿನ ಹಿತ್ತಲಿಂದ ಹಳಿಯ ತುಂಡಿನ ಸದ್ದು ಬಂತು. ಒಂದು. ಎರಡು. ಮೂರು. ನಾಲ್ಕು.

ಇವತ್ತು ಜೂರ್ಜಾ ತಡ ಮಾಡಿದಳು ಎಂದುಕೊಂಡ ಯಾಗೋಶ್.

ವಿಚಾರಣೆಗೆ ಮೂವರು ಬಂದರು. ಎಷ್ಟು ಗಂಟೆಗೆ ವಿದ್ಯುತ್ತು ಕೊಟ್ಟೆ ಎಂದು ಕೇಳಿದರು. ಹತ್ತೂವರೆಗೆ ಎಂದ. ಸಹಿಯಿಲ್ಲದ ಚೀಟಿಯ ಮಾತು ಎತ್ತಿದರೆ ಅದು ಒಬ್ರಾದನವರೆಗೆ, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಆದ್ದರಿಂದ ಯಾರೂ ಎತ್ತಲಿಲ್ಲ. ಗಡಿಯಾರದ ವಿಷಯ ಯಾರೂ ಕೇಳಲಿಲ್ಲ. ಅದು ಆಗಲೇ ಮನೆಯ ಬೀರುವಿನಲ್ಲಿ, ಶೂ ಪಾಲಿಷಿನ ಖಾಲಿ ಡಬ್ಬಿಯಲ್ಲಿತ್ತು. 'ಕಾರ್ಮಿಕನು ನಿಗದಿತ ಸಮಯ ಮೀರಿ ಮೇಲೆ ಉಳಿದದ್ದೇ ಕಾರಣ' ಎಂದು ವರದಿ ಬರೆದರು. ಊರು ಅದನ್ನು ಸುಲಭವಾಗಿ ನಂಬಿತು. ಏಕೆಂದರೆ ಮಿತಾರ್ ಎಲ್ಲದಕ್ಕೂ ತಡ. ತನ್ನ ಮದುವೆಗೇ ಮುಕ್ಕಾಲು ಗಂಟೆ ತಡವಾಗಿ ಬಂದಿದ್ದ. ಅಷ್ಟು ಹೊತ್ತೂ ಯಾಗೋಶ್ ಪಾದ್ರಿಗೆ ಕುರಿ ಕಾಯಿಲೆಗಳ ವಿಷಯ ಕೇಳುತ್ತ ಕೂರಿಸಿದ್ದ. ಹೆಣ ಎತ್ತುವಾಗ ಹಿಂದೆ ಯಾರೋ, "ಜೀವಮಾನದಲ್ಲಿ ಇದೊಂದಕ್ಕೆ ಬೇಗ ಹೊರಟ ನೋಡು" ಎಂದದ್ದು, ಇನ್ನೊಬ್ಬ ಮೂಗಿನಲ್ಲೇ ನಕ್ಕದ್ದು ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಯಾಗೋಶನ ಕಿವಿಗೆ ಬಿತ್ತು.

ಅಲ್ಲಿಂದಾಚೆಗೆ ಅವನು ಕ್ಯಾಂಟೀನಿಗೆ ಹೋಗಲಿಲ್ಲ. ಹಳಿಯ ಸದ್ದು ಬಂದರೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಗೇಟಿನ ಪಕ್ಕದ ಉಗ್ರಾಣಕ್ಕೆ ವರ್ಗ ಕೇಳಿ ಹೋದ, ಅಲ್ಲಿಗೂ ಅದು ಕೇಳುತ್ತಿತ್ತು. ರಾತ್ರಿ ನಿದ್ದೆ ಬರುತ್ತಿತ್ತು, ಅವನನ್ನು ಕಾಡಿದ್ದೆಲ್ಲ ಹಗಲೇ. ಕೆಲಸದಿಂದ ನಿವೃತ್ತನಾದ. ಕೆಲವು ವರ್ಷಕ್ಕೆ ಕುಲುಮೆಗಳನ್ನು ಆರಿಸಿದರು, ಕ್ಯಾಂಟೀನು ಬಿತ್ತು, ಹಳಿಯ ತುಂಡು ಗುಜರಿಗೆ ಹೋಯಿತು. ಆದರೂ ಬೆಳಿಗ್ಗೆ ಗಿಣ್ಣು ಕೊಯ್ಯುತ್ತ ಕೂತವನು ಚಾಕು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಬಿಡುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ನಾಲ್ಕರವರೆಗೆ ಎಣಿಸುತ್ತಿದ್ದಾನೆಂದು ಕೊವಿಲ್ಕಗೆ ಗೊತ್ತು. ಯಾಕೆಂದು ಅವಳು ಕೇಳಲಿಲ್ಲ. ಅವನ ಮೌನ ನೋಡಿಯೇ ಹತ್ತೂವರೆಯಾಯಿತೆಂದು ಬೇಳೆಗೆ ನೀರಿಡುತ್ತಿದ್ದಳು.

ಮಿತಾರನ ಹೆಂಡತಿ ಸ್ತಾನಿಯಳ ಮನೆಗೆ ಪ್ರತಿ ವರ್ಷ ಚಳಿಗೆ ಮುಂಚೆ ಒಂದು ಗಾಡಿ ಸೌದೆ ಹಾಕಿಸಿ, ಒಡೆದು ಒಟ್ಟಿ ಬರುತ್ತಿದ್ದ. ಅವಳು ಕಾಫಿ ಇಡುತ್ತಿದ್ದಳು. ಗೋಡೆಯ ಮೇಲಿದ್ದ ಗಂಡನ ಫೋಟೋಗೆ ಕಾಫಿ ಹಿಡಿದ ಕೈಯಿಂದಲೇ ಬೊಟ್ಟು ಮಾಡಿ, "ಅವನು ಹೊತ್ತಿಗೆ ಸರಿಯಾಗಿ ಇಳಿದಿದ್ರೆ ನಿಂಗೆ ಈ ಕರ್ಮ ಇರ್ತಿರ್ಲಿಲ್ಲ" ಅನ್ನುತ್ತಿದ್ದಳು. ಯಾಗೋಶ್ ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದ. ಮಿತಾರ್ ಸತ್ತಾಗ ಆರು ವರ್ಷದವಳಿದ್ದ ಮಗಳು ಸೆಂಕಳನ್ನು ಶಾಲೆಯಲ್ಲಿ 'ಲೇಟ್ ಮಿತಾರನ ಮಗಳು' ಅನ್ನುತ್ತಿದ್ದರಂತೆ. ಅವಳು ಬೆಳೆದು ಅದೇ ಶಾಲೆಗೆ ಟೀಚರಾದಳು. ಶಾಲೆಯ ಜವಾನ ಬಾಗಿಲು ತೆರೆಯುವ ಮುಂಚೆ ಮೆಟ್ಟಿಲ ಮೇಲೆ, ಹಿಮ ಬೀಳುತ್ತಿದ್ದರೂ, ನಿಂತಿರುತ್ತಿದ್ದಳು.

ಯಾಗೋಶನಿಗೆ ಎಪ್ಪತ್ತು ತುಂಬುವ ವಾರ ಕೊವಿಲ್ಕ ಅವನಿಗೆ ತಿಳಿಸದೆ ಬೀರುವಿನ ಡಬ್ಬಿ ತೆಗೆದು, ಗಡಿಯಾರವನ್ನು ಬಸ್‌ ನಿಲ್ದಾಣದ ಪಕ್ಕದ ಗಡಿಯಾರ ರಿಪೇರಿಯ ರಿಫಾತನ ಅಂಗಡಿಗೆ ಕೊಟ್ಟಳು. ಮೂರನೆಯ ದಿನ, "ಪಟ್ಟಿ ಅಳತೆ ಕೊಡ್ಬೇಕಂತೆ, ಹೋಗು" ಎಂದು ಗಂಡನನ್ನು ಕಳಿಸಿದಳು. ಏನು ಪಟ್ಟಿ, ಯಾವ ಅಳತೆ ಎಂದು ಗೊಣಗುತ್ತ ಹೋದವನು ಮೇಜಿನ ಮೇಲೆ ಅಪ್ಪನ ಗಡಿಯಾರ ನೋಡಿ ಬಾಗಿಲಲ್ಲೇ ನಿಂತ.

"ಬಾ ಯಾಗೋಶಣ್ಣ, ತಮಾಷೆ ತೋರಿಸ್ತೀನಿ" ಎಂದ ರಿಫಾತ್. ಒಂದು ಪುಟ್ಟ ದಿಕ್ಸೂಚಿಯನ್ನು ಗಡಿಯಾರದ ಪಕ್ಕಕ್ಕೆ ತಂದ. ಮುಳ್ಳು ಗಿರಕಿ ಹೊಡೆದು ಗಡಿಯಾರದ ಕಡೆ ತಿರುಗಿತು. "ಕುಲುಮೆ ಶೆಡ್ಡಿಗೆ ಕಟ್ಕೊಂಡು ಹೋಗಿದ್ದೆ ಅಲ್ವಾ? ಸುಳ್ಳು ಹೇಳ್ಬೇಡ, ಇದು ಹೇಳ್ತಿದೆ."

"ಎರಡೇ ದಿನ."

"ಎರಡು ದಿನ ಬೇಡ, ಒಂದು ಗಂಟೆ ಸಾಕು. ಒಳಗೆ ಕೂದಲಿನಂಥ ಸ್ಪ್ರಿಂಗಿದೆ. ಕಾಂತ ಹಿಡಿದ್ರೆ ಅದರ ಸುರುಳಿ ಒಂದಕ್ಕೊಂದು ಅಂಟ್ಕೊಳ್ಳುತ್ತೆ. ಸ್ಪ್ರಿಂಗು ಗಿಡ್ಡ ಆದ ಹಾಗೆ. ಆಗ ಗಡಿಯಾರ ಓಡುತ್ತೆ."

"ಎಷ್ಟು ಓಡುತ್ತೆ?"

"ಒಂದೊಂದು ಒಂದೊಂದ್ ತರ. ಇದನ್ನ ನಿನ್ನೆ ಪೂರ್ತಿ ನೋಡಿದ್ದೀನಿ. ಗಂಟೆಗೆ ಎರಡೂವರೆ ನಿಮಿಷ ಮುಂದೆ."

ಯಾಗೋಶ್ ಸ್ಟೂಲಿನ ಮೇಲೆ ಕೂತ. ಐದೂವರೆಯಿಂದ ಹತ್ತೂವರೆಗೆ ಐದು ಗಂಟೆ. ಬೆರಳು ಮಡಚಬೇಕಾಗಿರಲಿಲ್ಲ. ಹೆಚ್ಚುಕಡಿಮೆ ಹನ್ನೆರಡು ನಿಮಿಷ. ಹತ್ತು ಗಂಟೆ ಹದಿನೆಂಟು ನಿಮಿಷಕ್ಕೆ ಮಿತಾರ್ ಮೇಲೆ ಎರಡೂ ಕೈಯಲ್ಲಿ ಪಟ್ಟಿ ಹಿಡಿದು ನಿಶ್ಚಿಂತೆಯಾಗಿ ಕೆಲಸ ಮಾಡುತ್ತಿದ್ದ. ಅವನಿಗೆ ಇನ್ನೂ ಹೊತ್ತಿತ್ತು. ಅವತ್ತು ಜೂರ್ಜಾ ತಡ ಮಾಡಿರಲಿಲ್ಲ.

ರಿಫಾತ್ ಮಾತಾಡುತ್ತಲೇ ಕಾಂತ ತೆಗೆಯುವ, ನಡುವೆ ತೂತಿದ್ದ ನೀಲಿ ಡಬ್ಬವೊಂದನ್ನು ಎಳೆದು, ಗಡಿಯಾರವನ್ನು ಅದರೊಳಗೆ ಹಿಡಿದು ಗುಂಡಿ ಒತ್ತಿದ.

"ತಡಿ! ಬೇಡ!" ಎಂದು ಯಾಗೋಶ್ ಎದ್ದ.

ರಿಫಾತ್ ಗಾಬರಿಯಾಗಿ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದ. "ಏನಾಯ್ತಣ್ಣ? ಆಗೇ ಹೋಯ್ತು. ಅರ್ಧ ನಿಮಿಷದ ಕೆಲಸ ಇದು." ಮತ್ತೆ ದಿಕ್ಸೂಚಿ ಇಟ್ಟ. ಮುಳ್ಳು ಅಲುಗಲಿಲ್ಲ. "ಇನ್ನು ನಿಮ್ಮಪ್ಪನ ಕಾಲದಲ್ಲಿ ಓಡ್ತಿದ್ದ ಹಾಗೆ ಓಡುತ್ತೆ."

ಇಪ್ಪತ್ತಾರು ವರ್ಷ ಡಬ್ಬಿಯಲ್ಲಿ ಉಳಿದಿದ್ದ ಒಂದೇ ಸಾಕ್ಷಿ ಅವನ ಕಣ್ಣೆದುರೇ ಅಳಿಸಿಹೋಗಿತ್ತು.

ಅವನು ಮನೆಗೆ ಹೋಗದೆ ನೇರ ಕಾಫಿ ಅಂಗಡಿಗೆ ನಡೆದ. ಹಳೆಯ ಮೇಸ್ತ್ರಿ ಒಬ್ರಾದ್ ದಿನವೂ ಅಲ್ಲಿ ಡಾಮಿನೋ ಆಡುತ್ತ ಕೂರುತ್ತಿದ್ದ. ಯಾಗೋಶ್ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಒಬ್ರಾದ್ ಆಡುವ ಬಿಲ್ಲೆಗಳನ್ನು ಮೆಲ್ಲಗೆ ಮಗುಚಿಟ್ಟ, ಗಡಿಯಾರ ಈಸಿಕೊಂಡ, ತನ್ನ ಮೊಬೈಲನ್ನು ಪಕ್ಕದಲ್ಲಿಟ್ಟ. ಮೇಜಿನ ಸುತ್ತ ಇದ್ದವರೆಲ್ಲ ಬಗ್ಗಿ ನೋಡಿದರು. ಅರ್ಧ ಗಂಟೆ ಕಾದರು. ಮತ್ತೆ ನೋಡಿದರು.

"ಸೆಕೆಂಡಿಗೆ ಸೆಕೆಂಡು ಸರಿಯಿದೆ. ಹೊಗಳ್ಬೇಕು ಇದನ್ನ ಮಾಡಿದವನನ್ನ" ಎಂದ ಒಬ್ರಾದ್.

"ರಿಫಾತ್ ಈಗ ತಾನೇ ಸರಿ ಮಾಡಿದ. ಬೇಕಾದ್ರೆ ಅವನನ್ನೇ ಕೇಳು."

"ಅವನು ಇವತ್ತಿಂದು ಹೇಳ್ತಾನೆ. ಅವತ್ತಿಂದು ಅವನಿಗೇನು ಗೊತ್ತು? ನೀನು ಮನೆಗೆ ಹೋಗಿ ಮಲಕ್ಕೋ ಯಾಗೋಶ್. ಎಪ್ಪತ್ತಾಯ್ತು, ತಲೆ ಸ್ವಲ್ಪ ಬಿಸಿಯಾಗಿದೆ. ಸತ್ತೋರನ್ನ ಎಬ್ಬಿಸ್ಬೇಡ."

"ಜೂರ್ಜಾಳ ಗಂಟೆ ಅವನು ಸತ್ತ ಮೇಲೆ ಬಾರಿಸ್ತು ಒಬ್ರಾದ್. ನೀನೂ ಅಲ್ಲೇ ನಿಂತಿದ್ದೆ. ಕೇಳ್ಲಿಲ್ವಾ ನಿಂಗೆ?"

ಒಬ್ರಾದ್ ಅವನ ಮುಖ ನೋಡಲಿಲ್ಲ. "ನಂಗೆ ಯಾವ ಗಂಟೇನೂ ಕೇಳಿಲ್ಲ" ಎಂದು ಬಿಲ್ಲೆಗಳನ್ನು ಕಲಸತೊಡಗಿದ.

ಅವನು ಅಲ್ಲಿಂದ ಹೋದಾಗ ಸ್ತಾನಿಯ ತನ್ನ ಹಿತ್ತಲಲ್ಲಿ ಮೆಣಸಿನಕಾಯಿ ಸುಡುತ್ತಿದ್ದಳು. ಸೌದೆಯ ಕಾಲವಲ್ಲದ ಕಾಲದಲ್ಲಿ ಬಂದವನನ್ನು ನೋಡಿ ಕೈ ಒರೆಸಿಕೊಂಡು ಎದ್ದಳು. ಅವನು ಹೇಳಿದ. ಸೋಮವಾರವೇ ಗಡಿಯಾರ ಓಡಿದ್ದು, ಆದರೂ ಮಂಗಳವಾರ ಕಟ್ಟಿಕೊಂಡದ್ದು, ಅಂಗಳ ದಾಟದೆ ಹೋದದ್ದು, ಗಂಟೆ ಕೇಳಿಯೂ ಕೇಳದ ಹಾಗೆ ಬದುಕಿದ್ದು. ಹೇಳಿ ಮುಗಿಸಿ, ಹೊಡೆಯುವುದಾದರೆ ಹೊಡೆಯಲಿ ಎಂಬಂತೆ ನಿಂತ.

ಅವಳು ಮೆಣಸಿನಕಾಯಿಗಳನ್ನು ಒಂದೊಂದಾಗಿ ಮಗುಚಿ ಹಾಕಿದಳು.

"ಜೂರ್ಜಾ ನಂಗೆ ಹೇಳಿದ್ಲು" ಎಂದಳು. "ನಲವತ್ತನೇ ದಿನ. ಸಮಾಧಿ ಹತ್ರ. 'ಸ್ತಾನಿಯಾ, ನಾನು ಗಂಟೆ ಹೊಡೆಯೋಕೆ ಮುಂಚೇನೇ ಅವನು ಸತ್ತಿದ್ದ ಕಣೆ' ಅಂದ್ಲು. ಬಾಯಿ ಮುಚ್ಚು ಅಂದೆ ನಾನು."

ಯಾಗೋಶ್ ಸೌದೆಯ ಒಟ್ಟಿಲಿಗೆ ಒರಗಿ ನಿಂತ.

"ಹಿಂದಿನ ದಿನ ತಾನೇ ಕಾಗದಕ್ಕೆ ಸಹಿ ಹಾಕಿದ್ದೆ. ಕಾರ್ಖಾನೆ ಫ್ಲ್ಯಾಟು ನನ್ನ ಹೆಸರಿಗೆ, ಲಾಂಡ್ರೀಲಿ ಕೆಲಸ. ವರದೀಲಿ ಬರೆದದ್ದನ್ನ ನಾನು ಒಪ್ಪಿದ್ದೀನಿ ಅಂತ ಕೆಳಗೆ ಒಂದು ಸಾಲಿತ್ತು. ಆರು ವರ್ಷದ ಮಗು ಪಕ್ಕದಲ್ಲಿ. ಏನ್ ಮಾಡ್ಲಿ? ಆಮೇಲೆ ಅವನನ್ನ ಬೈತಾ ಬೈತಾ ನಂಗೇ ಅದು ನಿಜ ಅನ್ನಿಸ್ತು. ಸಮಾಧಿಗೆ ಹೋದಾಗ್ಲೂ ಬೈತೀನಿ ಕೂಮಾ. ಬೈದು ಬರ್ತೀನಿ." ಅವಳು ತಲೆ ಎತ್ತಿದಳು. "ನೀನು ನಿನ್ನ ಹೊರೆ ತಂದು ನನ್ನ ಅಂಗಳದಲ್ಲಿ ಇಳಿಸ್ದೆ. ನಂದು ಎಲ್ಲಿ ಇಳಿಸ್ಲಿ?"

ಹೊಗೆ ಇಬ್ಬರ ನಡುವೆ ಸುತ್ತುತ್ತಿತ್ತು. ಮೆಣಸಿನಕಾಯಿಗಳನ್ನು ಒಲೆಯಿಂದ ತೆಗೆದಿಟ್ಟು ಅವಳೇ, "ಸೆಂಕಾಗೆ ಹೇಳ್ಬೇಕು. ಭಾನುವಾರ ಬಾ. ಒಬ್ಬಳೇ ಹೇಳೋಕೆ ನನ್ನ ಕೈಲಾಗಲ್ಲ" ಎಂದಳು.

ಭಾನುವಾರ ಅಡುಗೆಮನೆಯ ಮೇಜಿಗೆ ಮೂವರು ಕೂತರು. ಯಾಗೋಶ್ ತನ್ನದನ್ನು ಹೇಳಿದ. ಸೆಂಕ ಕೈಕಟ್ಟಿಕೊಂಡು ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ತಾಯಿ ಜೂರ್ಜಾಳ ಮಾತನ್ನೂ ಸಹಿಯನ್ನೂ ಹೇಳಿದಾಗ ಮಾತ್ರ ಅವಳ ಕೈ ಸಡಿಲವಾಯಿತು.

"ಅಮ್ಮಾ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮಕ್ಕಳು ನನ್ನ ಹಿಂದೆ ಕೂಗ್ಕೊಂಡು ಬರ್ತಿದ್ರಲ್ಲ, ಆಗ್ಲೂ?"

ಸೆಂಕ ಎದ್ದು ಕೋಟು ಹಾಕಿಕೊಂಡಳು. ಯಾಗೋಶನನ್ನು ದಾಟಿ, ಬಾಗಿಲು ಎಳೆದುಕೊಂಡು ಹೋದಳು. ಆ ಚಳಿಗಾಲವಿಡೀ ಅವಳು ತಾಯಿಯ ಮನೆಗೆ ಬರಲಿಲ್ಲ. ಕ್ರಿಸ್‌ಮಸ್ಸಿನ ಸಂಜೆ ಸ್ತಾನಿಯ ಎರಡು ತಟ್ಟೆ ಹಾಕಿ ಒಂದರಲ್ಲಿ ಉಂಡಳು.

ಯಾಗೋಶ್ ನಡೆದದ್ದನ್ನೆಲ್ಲ ಮೂರು ಹಾಳೆ ಬರೆದು ಕೋರ್ಟಿಗೆ ಒಯ್ದ. ಗುಮಾಸ್ತೆ ಓದಿ, ಕನ್ನಡಕ ತೆಗೆದು, "ಅಜ್ಜಾ, ಕಾರ್ಖಾನೆಯೇ ಇಲ್ಲ, ವಿಚಾರಣೆ ಮಾಡಿದೋರಲ್ಲಿ ಇಬ್ರು ಸತ್ತಿದ್ದಾರೆ, ಅವಧಿ ಯಾವತ್ತೋ ಮೀರಿದೆ. ನಿನ್ನನ್ನ ಜೈಲಿಗೆ ಹಾಕೋಕೂ ಆಗಲ್ಲ" ಎಂದಳು.

"ಜೈಲು ಕೇಳೋಕೆ ಬಂದಿಲ್ಲಮ್ಮ. ಆ ವರದಿ ಪಕ್ಕದಲ್ಲಿ ಇದನ್ನ ಇಡು."

ಅವಳು ಹುಡುಕಿಸಿ ಹಳೆಯ ಕಡತ ತರಿಸಿ, ಮುದ್ರೆ ಒತ್ತಿ, ಮೂರು ಹಾಳೆಗಳನ್ನು ಅದರ ಬೆನ್ನಿಗೆ ಹೊಲಿದಳು. ಊರಿನಲ್ಲಿ ಕೆಲವರು ನಂಬಿದರು, ಹೆಚ್ಚಿನವರು ನಂಬಲಿಲ್ಲ. ಒಬ್ರಾದ್ ದಾರಿಯಲ್ಲಿ ಸಿಕ್ಕರೆ ಅಂಗಡಿಯ ಗಾಜು ನೋಡುತ್ತ ಹೋಗುತ್ತಿದ್ದ. ಕೊವಿಲ್ಕ ಒಂದು ವಾರ ಗಂಡನ ಜೊತೆ ಮಾತಾಡಲಿಲ್ಲ. ಅವನು ಮಾಡಿದ್ದಕ್ಕಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿ ತನಗೆ ಹೇಳದೆ ಇದ್ದದ್ದಕ್ಕೆ. ಹಳಿಯ ಸದ್ದೂ ಹೋಗಲಿಲ್ಲ. ಮೊದಲು ಜೂರ್ಜಾ ತಡ ಮಾಡಿದಳು ಎಂಬ ಒಂದು ನೆಪವಾದರೂ ಇತ್ತು, ಈಗ ಅದೂ ಇರಲಿಲ್ಲ.

ಮಾರ್ಚಿನಲ್ಲಿ ಬಾದಾಮಿ ಮರ ಹೂಬಿಟ್ಟಿದ್ದಾಗ, ಒಂದು ಶನಿವಾರ ಮಧ್ಯಾಹ್ನ ಸೆಂಕ ಯಾಗೋಶನ ಮನೆಯ ಗೇಟು ತಳ್ಳಿಕೊಂಡು ಬಂದಳು. ಕೂರು ಎಂದರೂ ಕೂರಲಿಲ್ಲ. ಕೊವಿಲ್ಕ ಕಾಫಿ ತಂದಿಟ್ಟು ಒಳಗೆ ಹೋದಳು.

"ನಾನು ಕ್ಷಮಿಸೋಕೆ ಬಂದಿಲ್ಲ" ಎಂದಳು.

"ಗೊತ್ತಮ್ಮ."

"ನಂಗೆ ಅಪ್ಪನ ಮುಖ ಫೋಟೋದಲ್ಲಿರೋದಷ್ಟೇ ಗೊತ್ತು. ಅಮ್ಮ ಬೈದದ್ದು ಬಿಟ್ರೆ ಅವನ ವಿಷ್ಯ ಯಾರೂ ಏನೂ ಹೇಳಿಲ್ಲ. ಕೊನೇಲಿ ಅವನ ಜೊತೆ ಮಾತಾಡಿದೋನು ನೀನು." ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಅವನು ಕೂಗ್ಕೊಂಡ್ನಾ?"

"ಇಲ್ಲ. ಕೂಗಿದ್ದು ಕೆಳಗಿದ್ದವನು. ನಿಮ್ಮಪ್ಪಂಗೆ ಗೊತ್ತೇ ಆಗಿಲ್ಲ. ಅವನಿಗೆ ಇನ್ನೂ ಹನ್ನೆರಡು ನಿಮಿಷ ಇತ್ತು, ಅವನು ಕೆಲಸ ಮಾಡ್ತಾ ಇದ್ದ."

ಅವಳು ಕುರ್ಚಿ ಎಳೆದುಕೊಂಡು ಕೂತು, "ಅದಕ್ಕೆ ಮುಂಚೆ ಏನು ಮಾತಾಡ್ದ? ಮೊದ್ಲಿಂದ ಹೇಳು" ಎಂದಳು.

ಯಾಗೋಶ್ ಹೇಳತೊಡಗಿದ. ಹಸಿರು ಬಾವುಟದ ಮಾತನ್ನೂ ಸೆಲ್ಯೂಟನ್ನೂ ಬಿಡಲಿಲ್ಲ. ಅವಳು ಅವಸರ ಮಾಡಲಿಲ್ಲ.